ಇದು ನಿಮಗೆ ಎಲ್ಲಿ ಸಿಕ್ಕಿತು?

(ಶಿರಸಿಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಓದುವಾಗ ನಾನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಅತಿ ಹೆಚ್ಚು ಸಲ ಬರೆಯುವ ಮಾತು ಒಂದೇ: ‘ಇದು ನಿಮಗೆ ಎಲ್ಲಿ ಸಿಕ್ಕಿತು?’ ಪ್ರತಿಯನ್ನು ಮರಳಿ ಪಡೆದವರಲ್ಲಿ ಹಲವರು ಮುಖ ಸಣ್ಣದು ಮಾಡಿಕೊಂಡು ಬರುತ್ತಾರೆ. ತಾವು ಕದ್ದಿದ್ದೇವೆಂದು ನಾನು ಸಂಶಯಪಟ್ಟೆನೆಂದು ತಿಳಿಯುತ್ತಾರೆ. ನನ್ನ ಪ್ರಶ್ನೆಯ ಉದ್ದೇಶ ಬೇರೆ. ಒಂದು ಸಂಗತಿ ನಿಮ್ಮ ಕೈಗೆ ಬಂದ ದಾರಿಯನ್ನು ನೀವು ತೋರಿಸಿಕೊಟ್ಟರೆ ಅದೇ ದಾರಿಯಲ್ಲಿ ನಾನೂ ಹೋಗಿ ಅದನ್ನು ನೋಡಿ ಬರಬಹುದು. ಹಾಗೆ ನೋಡಿ ಬರಲು ಆಸ್ಪದವಿರುವ ಬರಹಕ್ಕೆ ನಾವು ಸಂಶೋಧನ ಪ್ರಬಂಧ ಎನ್ನುತ್ತೇವೆ. ಈ ಪ್ರಶ್ನೆಗೆ ಉತ್ತರಿಸಲು ಪರದಾಡುವವರನ್ನು ವರ್ಷಗಟ್ಟಲೆ ನೋಡಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಅವರು ಎಡವಿದ್ದು ಬರೆಯಲು ಕುಳಿತಾಗಿನಕ್ಕಿಂತ ಎಷ್ಟೋ ಮೊದಲು, ಓದುವಾಗ ಮತ್ತು ಜನರನ್ನು ಕೇಳುವಾಗ. ಓದಿಗೂ ಬರಹಕ್ಕೂ ನಡುವೆ ಇರಬೇಕಾದ ಟಿಪ್ಪಣಿ ಪುಸ್ತಕ ನಿಮ್ಮ ಚೀಲಗಳಿಂದ ಕಾಣೆಯಾಗಿದೆ. ಇವತ್ತು ನಾನು ಆಡುವ ಮಾತೆಲ್ಲ ಆ ಪುಸ್ತಕದ ಸುತ್ತಲಿನದು.

ಮೊದಲು ವಿಷಯದ ಆಯ್ಕೆಯನ್ನೇ ನೋಡೋಣ. ನಿಮ್ಮಲ್ಲಿ ಬಹಳ ಮಂದಿ ಮಾರ್ಗದರ್ಶಕರ ಬಳಿಗೆ ಶೀರ್ಷಿಕೆಯೊಂದನ್ನು ಹಿಡಿದುಕೊಂಡು ಹೋಗುತ್ತೀರಿ. ‘ಉತ್ತರ ಕನ್ನಡ ಜಿಲ್ಲೆಯ ಕೃಷಿ: ಒಂದು ಸಮಗ್ರ ಅಧ್ಯಯನ’ ಎಂಬಂತಹ ಶೀರ್ಷಿಕೆಯಲ್ಲಿ ವಿಷಯವಿದೆ, ಪ್ರಶ್ನೆಯಿಲ್ಲ. ಪ್ರಶ್ನೆಯಿಲ್ಲದವರಿಗೆ ಎಲ್ಲವೂ ಪ್ರಸ್ತುತವೆಂದೇ ಕಾಣುತ್ತದೆ. ಆದ್ದರಿಂದ ಅವರು ಸಿಕ್ಕಿದ್ದನ್ನೆಲ್ಲ ತುಂಬುತ್ತಾರೆ. ಜಿಲ್ಲೆಯ ವಿಸ್ತೀರ್ಣ, ಮಳೆಯ ಪ್ರಮಾಣ, ತಾಲ್ಲೂಕುಗಳ ಹೆಸರು, ನದಿಗಳ ಹೆಸರು ಎಂದು 40 ಪುಟ ಸಾಗಿದ ಮೇಲೂ ಓದುಗನಿಗೆ ಈ ವಿದ್ಯಾರ್ಥಿ ಏನನ್ನು ತಿಳಿಯಲು ಹೊರಟಿದ್ದಾರೆಂಬುದು ಗೊತ್ತಾಗಿರುವುದಿಲ್ಲ.

ಕುಮಟಾ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ಅಘನಾಶಿನಿ ನದಿಯ ಪರಿಸರ’ ಎಂಬ ವಿಷಯ ತಂದಿದ್ದಳು. ನಿಮ್ಮ ಮನೆಯ ಹಿತ್ತಿಲಿನಿಂದ ಕಾಣುವ, ನಿಮಗೆ ಅರ್ಥವಾಗದೆ ಉಳಿದ ಒಂದು ಸಂಗತಿ ಹೇಳಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಜ್ಜನ ಕಾಲದಲ್ಲಿ ತಮ್ಮ ಗಜನಿಯಲ್ಲಿ ಕಗ್ಗ ಬೆಳೆಯುತ್ತಿದ್ದರು, ಈಗ ಯಾರೂ ಬಿತ್ತುತ್ತಿಲ್ಲ, ಗದ್ದೆಯೇನೋ ಅಲ್ಲೇ ಇದೆ, ಬಿತ್ತುವುದನ್ನು ಯಾಕೆ ಬಿಟ್ಟರೋ ತಿಳಿಯದು ಎಂದಳು. ಅಲ್ಲಿ ಪ್ರಶ್ನೆ ಸಿಕ್ಕಿತು. ಘಟ್ಟದ ಮೇಲಿನ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ: ಅಳಿವೆಯ ಉಪ್ಪುನೀರು ಏರಿಳಿಯುವ ತಗ್ಗು ಗದ್ದೆಗೆ ಗಜನಿ ಎನ್ನುತ್ತಾರೆ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಎಂಬ ಭತ್ತ ಅಲ್ಲಿನದು. ಸುತ್ತಲಿನ ಒಡ್ಡು ಮತ್ತು ನೀರನ್ನು ಒಳಬಿಡುವ, ಹೊರಬಿಡುವ ಹಲಗೆಯ ಬಾಗಿಲು ಎಲ್ಲರಿಗೂ ಸೇರಿದವು. ಹಾಗಾಗಿ ಒಬ್ಬ ರೈತ ತನ್ನಷ್ಟಕ್ಕೆ ತಾನು ಕಗ್ಗ ಬೆಳೆಯುತ್ತೇನೆಂದರೆ ಆಗುವುದಿಲ್ಲ; ಇಡೀ ಗಜನಿಯವರು ಸೇರಿ ನಿರ್ಧರಿಸಬೇಕಾಗುತ್ತದೆ. ಇದು ತಿಳಿದ ಕೂಡಲೇ ಆಕೆಯ ಪ್ರಶ್ನೆ ಇನ್ನಷ್ಟು ಮೊನಚಾಯಿತು: ತನ್ನ ಊರಿನ ಒಂದು ಗಜನಿಯಲ್ಲಿ ಕಗ್ಗ ಬಿಟ್ಟುಹೋದದ್ದು ಬೆಲೆ ಸಾಲದ್ದರಿಂದಲೋ, ಸಿಗಡಿ ಬೆಳೆಸುವವರಿಗೆ ನೀರು ಬಿಟ್ಟುಕೊಟ್ಟದ್ದರಿಂದಲೋ, ಅಥವಾ ಒಡ್ಡನ್ನು ಕಾಯುವ ಕೂಡುಕೆಲಸ ನಿಂತದ್ದರಿಂದಲೋ? ಈ ಪ್ರಶ್ನೆಗೆ ಒಂದೇ ಊರಿನ ಮನೆಗಳನ್ನು ಸುತ್ತಿ, ಒಂದು ಸೆಮಿಸ್ಟರಿನ ಒಳಗೆ, ಒಬ್ಬ ವಿದ್ಯಾರ್ಥಿನಿ ಉತ್ತರ ಹುಡುಕಬಲ್ಲಳು.

ಪ್ರಶ್ನೆ ಸಿಕ್ಕಿದ ಮೇಲೆ ಓದು. ಇಲ್ಲಿ ನಮ್ಮ ಜಿಲ್ಲೆಯ ಬಗ್ಗೆ ಕೆಲಸ ಮಾಡುವವರಿಗೆ ಒಂದು ವಿಶೇಷ ತೊಡಕಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಪ್ರಾಂತ ಬ್ರಿಟಿಷರ ಕೈಸೇರಿ ಮದ್ರಾಸ್ ಪ್ರೆಸಿಡೆನ್ಸಿಗೆ ಒಳಪಟ್ಟಿತು. 1862ರಲ್ಲಿ ಅದರ ಉತ್ತರ ಭಾಗವನ್ನು ಮುಂಬಯಿ ಪ್ರೆಸಿಡೆನ್ಸಿಗೆ ವರ್ಗಾಯಿಸಲಾಯಿತು, ಕಾರವಾರ ಜಿಲ್ಲಾಕೇಂದ್ರವಾಯಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದ್ದರಿಂದ ಒಂದೇ ಊರಿನ ಭೂಕಂದಾಯದ ಕತೆಯನ್ನು ಬರೆಯಲು ಹೊರಟವರು 1862ಕ್ಕೆ ಹಿಂದಿನ ಮೇಲ್ಮಟ್ಟದ ಸರ್ಕಾರಿ ಪತ್ರಗಳನ್ನು ಚೆನ್ನೈನ ಪತ್ರಾಗಾರದಲ್ಲೂ, ಅನಂತರದವನ್ನು ಮುಂಬಯಿಯಲ್ಲೂ, 1956ರ ನಂತರದವನ್ನು ಬೆಂಗಳೂರಿನಲ್ಲೂ ಹುಡುಕಬೇಕಾಗುತ್ತದೆ. ಇದು ಗೊತ್ತಿಲ್ಲದೆ ಬೆಂಗಳೂರಿಗೆ ಮಾತ್ರ ಹೋಗಿ ಬಂದು ‘ಈ ಕುರಿತು ದಾಖಲೆಗಳು ಲಭ್ಯವಿಲ್ಲ’ ಎಂದು ಬರೆದ ಪ್ರಬಂಧಗಳನ್ನು ನಾನು ಓದಿದ್ದೇನೆ. ಆ ವಾಕ್ಯ ಬರೆಯುವ ಮುನ್ನ ಎಲ್ಲೆಲ್ಲಿ ಹುಡುಕಿದೆವೆಂದು ಹೇಳುವುದು ನಮ್ಮ ಹೊಣೆ.

ಶಾಸನಗಳ ವಿಷಯದಲ್ಲೂ ಇದೇ ಗಡಿ ನಮ್ಮನ್ನು ಕಾಡುತ್ತದೆ. ಎಪಿಗ್ರಾಫಿಯಾ ಕರ್ನಾಟಿಕಾದ ಮೂಲ ಸಂಪುಟಗಳು ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಿಗೆ ಸಂಬಂಧಿಸಿದವು. ವರದಾ ನದಿಯ ಆಚೆಗಿನ ಸೊರಬದ ಶಾಸನಗಳು ಅದರ 8ನೇ ಸಂಪುಟದಲ್ಲಿವೆ. ನದಿಯ ಈಚೆ ನಮ್ಮ ಬನವಾಸಿ ಆಗ ಮುಂಬಯಿ ಆಡಳಿತದಲ್ಲಿದ್ದ ಕಾರಣ ಇಲ್ಲಿನವನ್ನು ಮುಂಬಯಿ-ಕರ್ನಾಟಕದ ಶಾಸನ ಸಂಪುಟಗಳಲ್ಲಿ, ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳಲ್ಲಿ ನೋಡಬೇಕು. ಕದಂಬರ ಕಾಲದಲ್ಲಿ ಇಲ್ಲದ ಗಡಿ ನಮ್ಮ ಗ್ರಂಥಾಲಯದ ಕಪಾಟುಗಳಲ್ಲಿದೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ಈಗ ಹಳೆಯ ಪುಸ್ತಕಗಳೆಷ್ಟೋ ಅಂತರ್ಜಾಲದಲ್ಲಿ ಸಿಗುತ್ತವೆ. 1800–01ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಬರೆದು 1807ರಲ್ಲಿ ಪ್ರಕಟವಾದ ಮೂರು ಸಂಪುಟಗಳೂ, 1883ರ ಕೆನರಾ ಗೆಜೆಟಿಯರಿನ (ಸರ್ಕಾರ ಹೊರತಂದ ಜಿಲ್ಲಾ ವಿವರಣ ಗ್ರಂಥದ) ಎರಡು ಭಾಗಗಳೂ ನಿಮ್ಮ ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಆದರೆ ನೀವು ಇಂದಿನ ಕಾಗುಣಿತದಲ್ಲಿ ‘ಹೊನ್ನಾವರ’ ಎಂದು ಹುಡುಕಿ, ಏನೂ ಸಿಗದೆ ಕೈಬಿಡುತ್ತೀರಿ. ಅಂದಿನ ಇಂಗ್ಲಿಷ್ ಬರಹಗಳಲ್ಲಿ ಹೊನ್ನಾವರ ‘ಓನೋರ್’ ಆಗಿದೆ, ಕುಮಟಾ ‘ಕೂಮ್ಟಾ’, ಸೋಂದಾ ‘ಸೂಂಡಾ’, ಕಾರವಾರದ ಮೊದಲ ಅಕ್ಷರಕ್ಕೆ ಇಂದಿನ ‘ಕೆ’ ಬದಲು ‘ಸಿ’ ಇದೆ, ಪೋರ್ಚುಗೀಸರ ಬರಹದಲ್ಲಿ ಭಟ್ಕಳ ‘ಬಟೆಕಲಾ’. ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ವಿಷಯಕ್ಕೆ ಸಂಬಂಧಿಸಿದ ಊರು, ಬೆಳೆ, ಜನರ ಹೆಸರುಗಳ ಹಳೆಯ ರೂಪಗಳನ್ನೆಲ್ಲ ಪಟ್ಟಿ ಮಾಡಿಕೊಳ್ಳಿ. ಆ ಪಟ್ಟಿ ಬೆಳೆದಂತೆ ಆಕರಗಳು ತಾವಾಗಿಯೇ ಸಿಗತೊಡಗುತ್ತವೆ.

ಸಿಕ್ಕ ಆಕರವನ್ನು ಎಷ್ಟು ನಂಬಬೇಕು ಎಂಬುದು ಮುಂದಿನ ಪ್ರಶ್ನೆ. ಕಾರವಾರದ ವಿದ್ಯಾರ್ಥಿಗಳಿಗೆಲ್ಲ ರವೀಂದ್ರನಾಥ ಟ್ಯಾಗೋರರು ಅಲ್ಲಿಗೆ ಬಂದಿದ್ದರೆಂಬುದು ಗೊತ್ತು. ಕಡಲತೀರಕ್ಕೆ ಅವರ ಹೆಸರೇ ಇದೆ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಯುವಕ ರವೀಂದ್ರರು ಬಂದು ತಂಗಿದ್ದರು. ಯಾವ ವರ್ಷ? ಒಬ್ಬರು 1882 ಎನ್ನುತ್ತಾರೆ, ಇನ್ನೊಬ್ಬರು 1883 ಎನ್ನುತ್ತಾರೆ. ವಿದ್ಯಾರ್ಥಿ ತಾನು ಮೊದಲು ಕಂಡದ್ದನ್ನು ಬರೆದು ಮುಂದೆ ಹೋಗುತ್ತಾನೆ. ನೆನಪುಗಳ ಪುಸ್ತಕದಲ್ಲಿ ಕವಿಯೇ ಕಾರವಾರದ ಬಗ್ಗೆ ಬರೆದಿದ್ದಾರಲ್ಲ ಎಂದು ನೀವು ಕೇಳಬಹುದು. ಆ ಪುಸ್ತಕ ಹೊರಬಂದದ್ದು 1912ರಲ್ಲಿ, ಸುಮಾರು 30 ವರ್ಷಗಳ ನಂತರ. ಕಾಳಿ ನದಿಯ ಮುಖ, ಬೆಳದಿಂಗಳು, ದೋಣಿಯ ಪಯಣ ಒಬ್ಬ ಕವಿಯ ಮನಸ್ಸಿನಲ್ಲಿ ಹೇಗೆ ಉಳಿದವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ. ಬಂದ ತಿಂಗಳು, ವರ್ಷ ಬೇಕಾದರೆ ಆ ಕಾಲದ್ದೇ ಆದ ಪತ್ರಗಳು, ಅಣ್ಣನ ವರ್ಗಾವಣೆಯ ಸರ್ಕಾರಿ ದಾಖಲೆಗಳು ಬೇಕು. ಒಂದೇ ಆಕರ ಒಂದು ಪ್ರಶ್ನೆಗೆ ಗಟ್ಟಿಯಾಗಿಯೂ ಇನ್ನೊಂದು ಪ್ರಶ್ನೆಗೆ ಸಡಿಲವಾಗಿಯೂ ಇರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಗೆಜೆಟಿಯರಿಗೂ ಇದೇ ಮಾತು: ಅಂದಿನ ಬಂದರಿನ ರಫ್ತಿನ ಲೆಕ್ಕಕ್ಕೆ ಅದು ಆಧಾರವಾಗಬಹುದು, ಒಂದು ಜಾತಿಯ ಜನ ‘ಸೋಮಾರಿಗಳು’ ಅಥವಾ ‘ಶ್ರಮಜೀವಿಗಳು’ ಎಂದು ಅದು ಬರೆದರೆ, ಅದು ಆ ಜನರ ಬಗೆಗಿನ ಸತ್ಯವಾಗುವುದಕ್ಕಿಂತ ಹೆಚ್ಚಾಗಿ ಅಧಿಕಾರಿಗಳ ಕಣ್ಣಿನ ಬಗೆಗಿನ ಸಾಕ್ಷ್ಯವಾಗುತ್ತದೆ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವಿಜ್ಞಾನದ ವಿದ್ಯಾರ್ಥಿಗಳು ಇದನ್ನು ಕೇಳಲೇಬೇಕು. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣಾಂಶ ವಿಪರೀತವಿದೆ ಎಂಬ ನಂಬಿಕೆ ಹುಟ್ಟಿದ್ದು ಹಿಂದೆ ಯಾರೋ ದಶಮಾಂಶ ಬಿಂದುವನ್ನು ತಪ್ಪು ಜಾಗದಲ್ಲಿ ಇಟ್ಟದ್ದರಿಂದ ಎಂಬ ಕತೆಯನ್ನು ನೀವೂ ಕೇಳಿರಬಹುದು. ಎಚ್ಚರಿಕೆಯಿಂದ ಕೆಲಸ ಮಾಡಬೇಕೆಂದು ಬೋಧಿಸಲು ಅಧ್ಯಾಪಕರು ಇದನ್ನು ಬಹಳ ಬಳಸಿದ್ದಾರೆ. 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಎಂಬ ವೈದ್ಯರು ಬರೆದ ಲೇಖನದಿಂದ ಈ ಕತೆ ಹರಡಿತು. ಆದರೆ ಆ ಲೇಖನದಲ್ಲಿ ಈ ಮಾತಿಗೆ ಆಕರವನ್ನೇ ಕೊಟ್ಟಿರಲಿಲ್ಲ. ಮುಂದಿನವರು ಅದನ್ನು ಉಲ್ಲೇಖಿಸಿದರು, ಅವರ ಮುಂದಿನವರು ಇವರನ್ನು ಉಲ್ಲೇಖಿಸಿದರು, ಮೂಲಕ್ಕೆ ಯಾರೂ ಹೋಗಲಿಲ್ಲ. 2014ರಲ್ಲಿ ನಾರ್ವೆಯ ಓಲೆ ಬ್ಯೋರ್ನ್ ರೆಕ್ಡಾಲ್ ಎಂಬ ಸಂಶೋಧಕರು ಈ ಉಲ್ಲೇಖಗಳ ಸರಪಣಿಯನ್ನೇ ವಿಷಯವಾಗಿಟ್ಟುಕೊಂಡು ಲೇಖನ ಬರೆದು, ದಶಮಾಂಶದ ತಪ್ಪಿನ ಕತೆಗೆ ಆಧಾರವಿಲ್ಲವೆಂದು ತೋರಿಸಿದರು. ನೋಡಿ, ಮೂಲ ನೋಡದಿದ್ದರೆ ಏನಾಗುತ್ತದೆಂದು ಎಚ್ಚರಿಸಲು ಬಳಸಿದ ಕತೆಯ ಮೂಲವನ್ನೇ ಯಾರೂ ನೋಡಿರಲಿಲ್ಲ. ನೀವು ಓದಿದ ಲೇಖನದಲ್ಲಿ ಬೇರೊಂದು ಲೇಖನದ ಉಲ್ಲೇಖವಿದ್ದರೆ, ಆ ಬೇರೆಯದನ್ನು ತೆರೆದು ಓದಿ. ಓದಲು ಸಿಗದಿದ್ದರೆ ‘ಇಂಥವರ ಲೇಖನದಲ್ಲಿ ಉಲ್ಲೇಖಿತ’ ಎಂದು ಸ್ಪಷ್ಟವಾಗಿ ಬರೆಯಿರಿ. ಅದರಲ್ಲಿ ಕೀಳರಿಮೆಯೇನಿಲ್ಲ.

ಈಗ ಟಿಪ್ಪಣಿ ಪುಸ್ತಕಕ್ಕೆ ಬರುತ್ತೇನೆ. ನಾನು ವಿದ್ಯಾರ್ಥಿಯಾಗಿದ್ದಾಗ ಒಂದು ಗ್ರಂಥಾಲಯದಲ್ಲಿ ಕುಳಿತು ಹಲವು ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಂಡಿದ್ದೆ. ಕೆಲವು ಕಡೆ ವಾಕ್ಯವನ್ನು ಇದ್ದಂತೆ ಇಳಿಸಿಕೊಂಡಿದ್ದೆ, ಕೆಲವು ಕಡೆ ನನ್ನ ಮಾತಿನಲ್ಲಿ ಬರೆದುಕೊಂಡಿದ್ದೆ, ಯಾವುದು ಯಾವುದೆಂದು ಗುರುತು ಹಾಕಿರಲಿಲ್ಲ. ಎರಡು ವರ್ಷಗಳ ನಂತರ ಬರೆಯಲು ಕುಳಿತಾಗ ಆ ವಾಕ್ಯಗಳೆಲ್ಲ ನನ್ನವೇ ಎಂಬಂತೆ ಕಂಡವು. ಪ್ರಬಂಧ ಸಲ್ಲಿಸುವ ಮುನ್ನ ಮಾರ್ಗದರ್ಶಕರು ಒಂದು ಖಂಡಿಕೆಯ ಮೇಲೆ ಬೆರಳಿಟ್ಟು, ಇದು ನಿನ್ನ ಶೈಲಿಯಲ್ಲ ಎಂದರು. ಆ ಗ್ರಂಥಾಲಯಕ್ಕೆ ಮರಳಿ ಹೋಗಿ ಪುಸ್ತಕಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಆ ಖಂಡಿಕೆ ಅಕ್ಷರಶಃ ಇನ್ನೊಬ್ಬರದಾಗಿತ್ತು. ನನಗೆ ಕದಿಯುವ ಮನಸ್ಸಿರಲಿಲ್ಲ, ಆದರೆ ಕದ್ದಿದ್ದೆ. ಆ ದಿನ ಆದ ನಾಚಿಕೆ ಇಂದಿಗೂ ಹೋಗಿಲ್ಲ. ಅಂದಿನಿಂದ ನಾನು ಮಾಡುವುದು, ನಿಮಗೂ ಹೇಳುವುದು ಹೀಗಿದೆ: ಪುಸ್ತಕದ ಮಾತನ್ನು ಇದ್ದಂತೆ ಬರೆದುಕೊಂಡರೆ ನೀಲಿ ಶಾಯಿ ಮತ್ತು ಉದ್ಧರಣ ಚಿಹ್ನೆ, ನನ್ನ ಮಾತಿನಲ್ಲಿ ಸಂಗ್ರಹಿಸಿದರೆ ಕಪ್ಪು ಶಾಯಿ, ಓದುವಾಗ ನನಗೆ ಹೊಳೆದದ್ದಾದರೆ ಪೆನ್ಸಿಲ್. ಮೂರಕ್ಕೂ ಪಕ್ಕದಲ್ಲಿ ಪುಟಸಂಖ್ಯೆ, ಯಾವ ಮುದ್ರಣ, ಯಾವ ದಿನ ಓದಿದ್ದು. ಮೊಬೈಲಿನಲ್ಲಿ ಪುಟದ ಫೋಟೊ ತೆಗೆದುಕೊಂಡರೆ ಸಾಕಲ್ಲವೇ ಎಂದು ಕೇಳುತ್ತೀರಿ. ಫೋಟೊ ತೆಗೆದದ್ದು ಓದಿದ್ದಾಗುವುದಿಲ್ಲ. 300 ಫೋಟೊಗಳಿದ್ದು ಅವುಗಳಲ್ಲಿ ಏನಿದೆಯೆಂದು ತಿಳಿಯದವರನ್ನು ನಾನು ಬಲ್ಲೆ. ತೆಗೆಯಲೇಬೇಕಾದರೆ ಮುಖಪುಟವನ್ನೂ ಸೇರಿಸಿ ತೆಗೆಯಿರಿ, ಅದೇ ಸಂಜೆ ಕುಳಿತು ಟಿಪ್ಪಣಿಗೆ ಇಳಿಸಿ.

ಕ್ಷೇತ್ರಕಾರ್ಯದ ಟಿಪ್ಪಣಿ ಇದಕ್ಕಿಂತ ಕಷ್ಟದ್ದು, ಏಕೆಂದರೆ ಪುಸ್ತಕವನ್ನು ಮತ್ತೆ ತೆರೆಯಬಹುದು, ಆಡಿಹೋದ ಮಾತನ್ನು ತೆರೆಯಲಾಗದು. ಅದಕ್ಕೂ ಮೊದಲು ನಾವು ಕೇಳುವ ಪ್ರಶ್ನೆಯ ಭಾಷೆ ಸರಿಯಿರಬೇಕು. ‘ನಿಮ್ಮ ವಾರ್ಷಿಕ ಆದಾಯವೆಷ್ಟು?’ ಎಂಬ ಅಚ್ಚಾದ ಪ್ರಶ್ನೆಗೆ ಶಿರಸಿಯ ತೋಟಿಗರು ಬಾಯಿಗೆ ಬಂದ ಒಂದು ಅಂಕಿ ಹೇಳಿ ಕಳಿಸುತ್ತಾರೆ. ಅದು ಸುಳ್ಳು ಹೇಳಬೇಕೆಂದಲ್ಲ, ಅವರ ಲೆಕ್ಕ ಹಾಗೆ ನಡೆಯುವುದೇ ಇಲ್ಲ. ಈ ಸಲ ಎಷ್ಟು ಕ್ವಿಂಟಲ್ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ಮಾಡಿದಿರಿ, ಎಷ್ಟು ಚಾಲಿ (ಹಣ್ಣಡಿಕೆಯನ್ನು ಒಣಗಿಸಿ ಸುಲಿದ ಬಿಳಿ ಅಡಿಕೆ) ಮಾಡಿದಿರಿ, ಎಷ್ಟನ್ನು ಮಾರಿದಿರಿ, ಎಷ್ಟನ್ನು ದರ ಏರಲೆಂದು ಇಟ್ಟುಕೊಂಡಿದ್ದೀರಿ ಎಂದು ಕೇಳಿ. ಮಾತು ತಾನಾಗಿ ಹರಿಯುತ್ತದೆ. ಆಗ ತಿಳಿಯುವುದೇನೆಂದರೆ, ಈ ವರ್ಷ ಕೈಗೆ ಬಂದ ಹಣ ಕಳೆದ ವರ್ಷದ ಚಾಲಿಯದೂ ಆಗಿರಬಹುದು. ನಿಮ್ಮ ಕೋಷ್ಟಕದಲ್ಲಿ ಅದಕ್ಕೊಂದು ಅಂಕಣವೇ ಇರಲಿಲ್ಲ.

ಜಮೀನಿನ ವಿಷಯ ಇನ್ನೂ ಸೂಕ್ಷ್ಮ. ಹೊರ ಜಿಲ್ಲೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಒಬ್ಬ ಹಿರಿಯ ತೋಟಿಗರ ಮನೆಯಲ್ಲಿ, ನಿಮಗೆ ಎಷ್ಟು ಜಮೀನಿದೆ ಎಂದು ಕೇಳಿ ‘ಎರಡು ಎಕರೆ’ ಎಂದು ಬರೆದುಕೊಂಡಳು. ಮಾತಿನ ನಡುವೆ ಅವರು ತಮ್ಮ ಬೆಟ್ಟದ ವಿಷಯ ತೆಗೆದಾಗ ಗುಡ್ಡ ಹತ್ತುವ ಮಾತೆಂದು ತಿಳಿದು ಬರೆದುಕೊಳ್ಳಲಿಲ್ಲ. ನಮ್ಮಲ್ಲಿ ಬೆಟ್ಟವೆಂದರೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು, ದರಕುಗಳಿಗಾಗಿ ಅಡಿಕೆ ತೋಟಿಗರಿಗೆ ಬಿಟ್ಟುಕೊಟ್ಟ ಅರಣ್ಯಭೂಮಿ. ಅದು ನಿಮ್ಮ ಜಮೀನೇ ಎಂದು ಆಕೆ ಮರುದಿನ ಹೋಗಿ ಕೇಳಿದಾಗ ಅವರು, ‘ಬೆಟ್ಟ ಸರ್ಕಾರದ್ದು ತಂಗಿ, ಸೊಪ್ಪು ಅಷ್ಟೇಯ ಎಂಗ್ಳದ್ದು’ ಎಂದರಂತೆ. ಒಡೆತನ ಮತ್ತು ಹಕ್ಕು ಬೇರೆಬೇರೆ ಎಂಬ, ಪಠ್ಯಪುಸ್ತಕದಲ್ಲಿ ಎರಡು ಪುಟ ಹಿಡಿಯುವ ವಿಚಾರ ಆ ಒಂದು ವಾಕ್ಯದಲ್ಲಿದೆ. ಆ ಮಾತನ್ನು ಶಿಷ್ಟ ಕನ್ನಡಕ್ಕೆ ತಿದ್ದದೆ, ಅವರು ಹೇಳಿದಂತೆಯೇ ಉದ್ಧರಿಸಿದ್ದಕ್ಕೆ ನಾನು ಆಕೆಯನ್ನು ಮೆಚ್ಚಿಕೊಂಡೆ.

ಕಾಲವನ್ನೂ ನೋಡಿಕೊಳ್ಳಿ. ಕಾರವಾರದ ಬೈತಖೋಲ ಬಂದರಿನ ಯಾಂತ್ರಿಕ ದೋಣಿಗಳ ಕೆಲಸಗಾರರ ದಿನಗೂಲಿಯನ್ನು ಅಧ್ಯಯನ ಮಾಡುತ್ತೇನೆಂದು ಜೂನ್ ತಿಂಗಳಲ್ಲಿ ಹೊರಟರೆ ದೋಣಿಗಳು ದಡದಲ್ಲಿರುತ್ತವೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಆಗ ಸಿಗುವುದು ಬಲೆ ನೇಯುವವರು ಮತ್ತು ನಾಡದೋಣಿಯವರು. ಅವರ ಬಗ್ಗೆಯೂ ಒಳ್ಳೆಯ ಪ್ರಬಂಧ ಬರೆಯಬಹುದು, ಆದರೆ ಅದಕ್ಕೆ ಬೇರೆ ಪ್ರಶ್ನೆ ಬೇಕು.

ಹಾಡು, ಕತೆ, ಔಷಧಿಯ ತಿಳಿವಳಿಕೆ ಸಂಗ್ರಹಿಸುವವರಿಗೆ ಒಂದು ವಿನಂತಿ. ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸರಿಂದ ಹತ್ತಾರು ಹಾಡು ಧ್ವನಿಮುದ್ರಿಸಿಕೊಂಡು, ಪ್ರಬಂಧದಲ್ಲಿ ‘ಹಾಲಕ್ಕಿ ಸಮುದಾಯದ ಹಾಡು’ ಎಂದಷ್ಟೇ ಬರೆಯುವುದನ್ನು ನೋಡಿದಾಗ ನನಗೆ ನೋವಾಗುತ್ತದೆ. ಪುಸ್ತಕ ಬರೆದವರ ಹೆಸರನ್ನು ಅಡಿಟಿಪ್ಪಣಿಯಲ್ಲಿ ಹಾಕುವವರು ಹಾಡಿದವರ ಹೆಸರನ್ನು ಬಿಡುವುದೇಕೆ? ಮುದ್ರಿಸುವ ಮೊದಲು ಒಪ್ಪಿಗೆ ಕೇಳಿ, ಹೆಸರು ಹಾಕಬಹುದೇ ಎಂದು ಕೇಳಿ, ಬೇಡವೆಂದರೆ ಬಿಡಿ. ಹೌದೆಂದರೆ ಊರು, ದಿನಾಂಕ ಸಮೇತ ಹೆಸರನ್ನು ಬರೆಯಿರಿ.

ಬರಹಕ್ಕೆ ಕುಳಿತಾಗ ಕನ್ನಡದ ಕೆಲವು ಕ್ರಿಯಾಪದಗಳು ನಿಮಗೆ ಅಡಗುತಾಣ ಒದಗಿಸುತ್ತವೆ. ‘ಎಂದು ಹೇಳಲಾಗುತ್ತದೆ’, ‘ಎಂದು ನಂಬಲಾಗಿದೆ’, ‘ಎಂಬ ಅಭಿಪ್ರಾಯವಿದೆ’, ‘ವಿದ್ವಾಂಸರ ಪ್ರಕಾರ’. ಹೇಳಿದವರು ಯಾರು? ನಂಬಿದವರು ಯಾರು? ಯಾವ ವಿದ್ವಾಂಸರು, ಎಲ್ಲಿ? ನಿಮ್ಮ ಮೊದಲ ಕರಡಿನಲ್ಲಿ ಇಂತಹ ಪ್ರಯೋಗಗಳನ್ನೆಲ್ಲ ಕೆಂಪು ಗೆರೆ ಎಳೆದು ಗುರುತಿಸಿ, ಪ್ರತಿಯೊಂದಕ್ಕೂ ಟಿಪ್ಪಣಿ ಪುಸ್ತಕದಲ್ಲಿ ಒಬ್ಬ ಕರ್ತೃವನ್ನು ಹುಡುಕಿ. ಕರ್ತೃ ಸಿಗದ ವಾಕ್ಯವನ್ನು ಹೊಡೆದುಹಾಕಿ. ಪ್ರಬಂಧ ತೆಳ್ಳಗಾಗುತ್ತದೆ, ಆಗಲಿ.

ನಕಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಯಮಗಳು ನಿಮಗೆ ಗೊತ್ತಿವೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2018ರ ನಿಯಮಾವಳಿ ಹೋಲಿಕೆಯ ಪ್ರಮಾಣವನ್ನು ಶೇ. 10, 40, 60 ಎಂಬ ಮೆಟ್ಟಿಲುಗಳಲ್ಲಿ ವಿಂಗಡಿಸಿ ಕ್ರಮಗಳನ್ನು ಹೇಳುತ್ತದೆ, ಶೇ. 60ನ್ನು ಮೀರಿದರೆ ಸಂಶೋಧನೆಯ ನೋಂದಣಿಯೇ ರದ್ದಾಗುತ್ತದೆ. ಇದರಿಂದ ವಿದ್ಯಾರ್ಥಿಗಳು ಕಲಿತದ್ದು ಶೇ. 10ರ ಒಳಗೆ ಇರುವ ಉಪಾಯವನ್ನು. ತಂತ್ರಾಂಶ ತನ್ನ ಬಳಿ ಇರುವ ಪಠ್ಯದೊಂದಿಗೆ ಮಾತ್ರ ಹೋಲಿಸಬಲ್ಲದು. ಅಂಕೀಯ ರೂಪಕ್ಕೆ ಬಾರದ ಹಳೆಯ ಕನ್ನಡ ಪುಸ್ತಕದಿಂದ ಎತ್ತಿದ್ದನ್ನು, ಇಂಗ್ಲಿಷಿನಿಂದ ಸದ್ದಿಲ್ಲದೆ ಕನ್ನಡಕ್ಕೆ ತಂದುಕೊಂಡದ್ದನ್ನು ಅದು ಹಿಡಿಯದಿರಬಹುದು. ಹಿಡಿಯಲಿ, ಬಿಡಲಿ, ಅದು ಇನ್ನೊಬ್ಬರ ದುಡಿಮೆ. ಈಗ ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳೂ ಬಂದಿವೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಅಂತಹ ಸಾಧನ ಕೊಟ್ಟ ತೀರ್ಪುಗಳನ್ನು ನ್ಯಾಯಾಲಯದ ಮುಂದೆ ಉಲ್ಲೇಖಿಸಿದರು. ಆ ತೀರ್ಪುಗಳು ಎಂದೂ ಬಂದೇ ಇರಲಿಲ್ಲ, 5,000 ಡಾಲರ್ ದಂಡ ಬಿತ್ತು. ನಿಮ್ಮ ಗ್ರಂಥಸೂಚಿಯಲ್ಲಿರುವ ಪ್ರತಿ ಪುಸ್ತಕವನ್ನೂ ನೀವು ಕೈಯಲ್ಲಿ ಹಿಡಿದಿರಬೇಕು ಅಥವಾ ಪರದೆಯ ಮೇಲೆ ಪೂರ್ತಿ ತೆರೆದಿರಬೇಕು. ಹಣ ಕೊಟ್ಟರೆ ನಾಲ್ಕು ದಿನದಲ್ಲಿ ಲೇಖನ ಅಚ್ಚುಮಾಡುವ ಪತ್ರಿಕೆಗಳ ಸಂದೇಶ ಬಂದರೆ ಅಳಿಸಿಬಿಡಿ.

ಕೊನೆಯದಾಗಿ ಬರೆಯುವ ಕ್ರಮ. ಪ್ರಸ್ತಾವನೆಯನ್ನು ಮೊದಲು ಬರೆಯಬೇಡಿ. ಏನು ಕಂಡಿರೆಂಬುದು ಗೊತ್ತಾಗುವ ಮೊದಲು ಏನನ್ನು ತೋರಿಸುತ್ತೀರೆಂದು ಹೇಗೆ ಬರೆಯುತ್ತೀರಿ? ನೀವು ನೋಡಿದ್ದನ್ನು, ಎಣಿಸಿದ್ದನ್ನು, ಕೇಳಿದ್ದನ್ನು ಮೊದಲು ಬರೆಯಿರಿ. ಬಳಿಕ ಅದನ್ನು ಹೇಗೆ ಕಲೆಹಾಕಿದಿರೆಂದು ಬರೆಯಿರಿ. ಆಮೇಲೆ ಅದರ ಅರ್ಥದ ಚರ್ಚೆ, ಅದಾದ ನಂತರ ಪ್ರಸ್ತಾವನೆ, ಎಲ್ಲಕ್ಕೂ ಕಡೆಗೆ ಸಾರಾಂಶ ಮತ್ತು ಶೀರ್ಷಿಕೆ.

ಗಜನಿಯ ವಿದ್ಯಾರ್ಥಿನಿ ಹಾಗೆಯೇ ಮಾಡಿದಳು. ಕರಡು ಮುಗಿದ ಮೇಲೆ, ತಾನು ಮಾತಾಡಿಸಿದ ಮನೆಗಳಿಗೆ ಮರಳಿ ಹೋಗಿ ಅವರವರ ಮಾತಿರುವ ಭಾಗವನ್ನು ಓದಿ ಹೇಳಿದಳು. ಗಜನಿಯ ನಕ್ಷೆಯನ್ನು ಜಗಲಿಯ ಮೇಲೆ ಹರವಿದಾಗ ಒಬ್ಬ ಅಜ್ಜ ಎರಡು ಗದ್ದೆಗಳ ಹೆಸರು ಅದಲುಬದಲಾಗಿದೆಯೆಂದು ತೋರಿಸಿ, ಒಡ್ಡು ಒಡೆದ ವರ್ಷದ ನೀರು ಎಲ್ಲಿಯವರೆಗೆ ಬಂದಿತ್ತೆಂದು ಬೆರಳಿನಿಂದ ಗೆರೆ ಎಳೆದರಂತೆ. ಆಕೆ ಆ ಗೆರೆಯನ್ನು ನಕ್ಷೆಯಲ್ಲಿ ಸೇರಿಸಿ, ಕೆಳಗೆ ಅವರ ಹೆಸರು ಮತ್ತು ಆ ದಿನದ ತಾರೀಕನ್ನು ಬರೆದು ತಂದಳು. ಆ ಹಾಳೆಯ ಅಂಚಿನಲ್ಲಿ ನನಗೆ ಬರೆಯಲು ಏನೂ ಇರಲಿಲ್ಲ.